ಕೇಳುವುದಕ್ಕೂ ಅದೇ, ಮುದ್ರಿಸುವುದಕ್ಕೂ ಅದೇ: ಮನೆಯ ಕಂಪ್ಯೂಟರಿನಲ್ಲಿ ಧ್ವನಿ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಗೋವಿನಕೋವಿಯಲ್ಲಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಕಂಪ್ಯೂಟರ್ ಎಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಪರದೆ ಮತ್ತು ಕೀಲಿಮಣೆ. ಟೈಪ್ ಮಾಡುವುದನ್ನು ಕಲಿಸುತ್ತಾರೆ, ಲೆಕ್ಕದ ಹಾಳೆ ತಯಾರಿಸುವುದನ್ನು ಕಲಿಸುತ್ತಾರೆ, ಚಿತ್ರ ತಿದ್ದುವುದನ್ನೂ ಕಲಿಸುತ್ತಾರೆ. ಆದರೆ ಆ ಯಂತ್ರಕ್ಕೆ ಒಂದು ಕಿವಿಯೂ ಒಂದು ಬಾಯಿಯೂ ಇವೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಾಡು ಕೇಳಿಸಿದರೆ ಸಾಕು, ಅಷ್ಟಕ್ಕೆ ಬಿಡುತ್ತೇವೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಕಿವಿ-ಬಾಯಿಗಳ ಬಗ್ಗೆ. ಮನೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ ದಿನನಿತ್ಯ ಪಾಠ, ಸುದ್ದಿ, ಹಾಡು ಕೇಳುವುದು ಹೇಗೆ, ಅದೇ ಕಂಪ್ಯೂಟರಿನಲ್ಲಿ ನಮ್ಮ ಧ್ವನಿಯನ್ನೂ ನಮ್ಮ ಮನೆಯ ಹಿರಿಯರ ಧ್ವನಿಯನ್ನೂ ಸ್ಪಷ್ಟವಾಗಿ ಹಿಡಿದಿಡುವುದು ಹೇಗೆ ಎಂಬುದೇ ವಿಷಯ.

ಮನೆಯಲ್ಲಿ ಕುಳಿತು ಧ್ವನಿಯ ಕೆಲಸ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ವಾಸದ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದದ್ದು 30 ವ್ಯಾಟ್‌ನ ಒಂದು ಸಣ್ಣ ಪ್ರೇಷಕ ಯಂತ್ರ. ಇಂದು ನಾವು ಪಡಸಾಲೆಗೆ ಹಾಕುವ ಎಲ್‌ಇಡಿ ಬಲ್ಬು ಎರಡು-ಮೂರು ಸೇರಿದರೆ ಅಷ್ಟು ವ್ಯಾಟ್ ಆಗುತ್ತದೆ. ಆ ಮನೆಯ ಬಾನುಲಿಗೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ನಮ್ಮ ಹೊನ್ನಾಳಿ-ನ್ಯಾಮತಿ ಭಾಗದ ಹಿರಿಯರು 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಳುತ್ತಲೇ ಬೆಳೆದವರು. ಕೃಷಿರಂಗ, ಪ್ರದೇಶ ಸಮಾಚಾರ, ಚಿತ್ರಗೀತೆ ಎಲ್ಲವೂ ಬಂದದ್ದು ಅಲ್ಲಿಂದಲೇ.

ಇನ್ನೊಬ್ಬರನ್ನೂ ನೆನೆಯಬೇಕು. 2006ರಲ್ಲಿ ನಮ್ಮನ್ನು ಅಗಲಿದ ಎಸ್.ಕೆ. ಕರೀಂಖಾನ್ ಅವರು ಊರೂರು ಅಲೆದು ಜನಪದ ಗೀತೆಗಳನ್ನು ಸಂಗ್ರಹಿಸಿ, ಹಾಡಿ, 'ಜಾನಪದ ಜಂಗಮ' ಎನಿಸಿಕೊಂಡರು. ಅವರು ಆ ಕೆಲಸ ಆರಂಭಿಸಿದ ಕಾಲದಲ್ಲಿ ಹಳ್ಳಿಯಲ್ಲಿ ಟೇಪ್ ರೆಕಾರ್ಡರ್ ಎಂಬುದೇ ಇರಲಿಲ್ಲ. ಕಿವಿಯಿಂದ ಕೇಳಿ, ಕೈಯಿಂದ ಬರೆದು, ಬಾಯಿಂದ ಹಾಡಿ ಉಳಿಸಬೇಕಿತ್ತು. ಇಂದು ಪದವಿ ಓದುವ ಒಬ್ಬ ಹುಡುಗಿಯ ಲ್ಯಾಪ್‌ಟಾಪ್ ಮಾಡಬಲ್ಲ ಧ್ವನಿಮುದ್ರಣ ಆ ಕಾಲದ ದೊಡ್ಡ ಸ್ಟುಡಿಯೋಗಳಿಗೂ ಸಾಧ್ಯವಿರಲಿಲ್ಲ. ಯಂತ್ರ ಮನೆಗೆ ಬಂದಿದೆ. ಅದನ್ನು ಬಳಸುವ ತಿಳುವಳಿಕೆ ಮಾತ್ರ ಜೊತೆಗೆ ಬಂದಿಲ್ಲ.

ಎರಡು ಕೆಲಸ, ಎರಡು ಗುಣ

ಮೊದಲು ಒಂದು ಮೂಲ ವಿಷಯ ತಿಳಿದುಕೊಳ್ಳೋಣ. ಕೇಳುವುದು ಮತ್ತು ಮುದ್ರಿಸುವುದು ಒಂದೇ ನಾಣ್ಯದ ಎರಡು ಮುಖಗಳಂತೆ ಕಂಡರೂ ಕಂಪ್ಯೂಟರಿನಿಂದ ಅವು ಬೇಡುವುದು ಬೇರೆ ಬೇರೆ. ಕೇಳುವಾಗ ನಮಗೆ ಇಂಪು ಬೇಕು. ಸಣ್ಣ ಸ್ಪೀಕರಿನಲ್ಲಿಯೂ ತಬಲಾದ ಗುಂಗು ಕೇಳಬೇಕೆಂದು ಕಂಪ್ಯೂಟರ್ ಧ್ವನಿಯನ್ನು ಉಬ್ಬಿಸುತ್ತದೆ, ಹರಡುತ್ತದೆ. ಹಾಡು ಕೇಳುತ್ತಿರುವಾಗಲೇ ಸಂದೇಶ ಬಂದರೆ ಅದರ ಟಿಣ್ ಶಬ್ದವನ್ನೂ ಅದರೊಳಗೆ ಬೆರೆಸುತ್ತದೆ. ಇದೆಲ್ಲ ದಿನಬಳಕೆಗೆ ಸರಿ.

ಆದರೆ ಮುದ್ರಿಸುವಾಗ ಇದ್ದದ್ದನ್ನು ಇದ್ದಂತೆ ಹಿಡಿಯಬೇಕು. ಉಬ್ಬಿಸಬಾರದು, ಬೆರೆಸಬಾರದು, ತಡಮಾಡಬಾರದು. ಒಂದು ಕೆಲಸಕ್ಕೆ ಹೊಂದಿಸಿದ ವ್ಯವಸ್ಥೆಯಲ್ಲಿ ಇನ್ನೊಂದನ್ನು ಮಾಡಲು ಹೋಗುವುದರಿಂದಲೇ ನಮ್ಮ ಮನೆಯ ಮುದ್ರಣಗಳು ಬಾವಿಯೊಳಗಿಂದ ಕೂಗಿದಂತೆ, ಇಲ್ಲವೇ ತಗಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತವೆ. ದುಬಾರಿ ಸಾಮಾನು ಇಲ್ಲದ್ದು ಅದಕ್ಕೆ ಕಾರಣವಲ್ಲ.

ಧ್ವನಿ ಹೋಗುವ ದಾರಿ

ನಾವು ಮಾತನಾಡಿದಾಗ ಗಾಳಿ ನಡುಗುತ್ತದೆ. ಮೈಕಿನೊಳಗಿನ ತೆಳು ಪೊರೆ ಅದರ ಜೊತೆ ನಡುಗಿ ಸಣ್ಣ ವಿದ್ಯುತ್ತನ್ನು ಉಂಟುಮಾಡುತ್ತದೆ. ಕಂಪ್ಯೂಟರಿನ ಧ್ವನಿ ವಿಭಾಗ ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಕೇಳುವಾಗ ಇದೇ ದಾರಿಯಲ್ಲಿ ಹಿಂದಕ್ಕೆ: ಅಂಕಿಗಳಿಂದ ವಿದ್ಯುತ್ತು, ವಿದ್ಯುತ್ತಿನಿಂದ ಸ್ಪೀಕರಿನ ನಡುಕ, ಅದರಿಂದ ಗಾಳಿಯ ನಡುಕ.

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಮನುಷ್ಯನ ಕಿವಿ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು ಎಂಬುದು ನಿಯಮ. ಆದ್ದರಿಂದಲೇ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ಸೆಕೆಂಡಿಗೆ 44,100 ಅಳತೆ ಎಂದು ಗೊತ್ತುಮಾಡಿದರು. ವಿಡಿಯೋ ಕೆಲಸಕ್ಕೆ 48,000 ವಾಡಿಕೆಯಾಯಿತು. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯುವುದು ಎಂಬುದಕ್ಕೆ ಬಿಟ್ ಎನ್ನುತ್ತಾರೆ. ಸಿ.ಡಿ.ಯದು 16 ಬಿಟ್. ಮುದ್ರಣಕ್ಕೆ 24 ಬಿಟ್ ಒಳ್ಳೆಯದು, ಏಕೆಂದರೆ ಸ್ವಲ್ಪ ಮೆಲ್ಲಗೆ ಮುದ್ರಿಸಿದರೂ ಆಮೇಲೆ ಏರಿಸಿಕೊಳ್ಳಬಹುದು. ಒಬ್ಬರ ಮಾತನ್ನು 48,000 ಮತ್ತು 24 ಬಿಟ್‌ನಲ್ಲಿ ಒಂದೇ ಜಾಡಿನಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 8.6 ಎಂ.ಬಿ., ಗಂಟೆಗೆ ಸುಮಾರು 520 ಎಂ.ಬಿ. ಜಾಗ ಬೇಕು. ಒಂದು 32 ಜಿ.ಬಿ. ಪೆನ್‌ಡ್ರೈವಿನಲ್ಲಿ ಐವತ್ತು ಗಂಟೆಗೂ ಹೆಚ್ಚು ಮಾತು ಹಿಡಿಸುತ್ತದೆ ಎಂದಾಯಿತು. ಇದಕ್ಕಿಂತ ಹೆಚ್ಚಿನ ಅಂಕಿಗಳ ಹಿಂದೆ ಓಡುವ ಅಗತ್ಯ ಮನೆಯ ಕೆಲಸಕ್ಕಿಲ್ಲ.

ಮೊದಲು ಕೋಣೆ, ಆಮೇಲೆ ಮೈಕ್

ಮೈಕ್ ಕೊಳ್ಳುವ ಮೊದಲು ಕೋಣೆ ಆರಿಸಿಕೊಳ್ಳಿ. ಆರ್‌ಸಿಸಿ ತಾರಸಿ, ಟೈಲ್ಸ್ ನೆಲ, ಬರಿಯ ಸಿಮೆಂಟ್ ಗೋಡೆ ಇರುವ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಝಣ್ ಎನ್ನುತ್ತದೆ. ಆ ಮರುದನಿಯೇ ನಿಮ್ಮ ಮಾತಿನ ಅಕ್ಷರಗಳನ್ನು ಕಲಸಿಹಾಕುವುದು. ಒಮ್ಮೆ ಮುದ್ರಣದೊಳಗೆ ಸೇರಿದ ಮರುದನಿಯನ್ನು ಆಮೇಲೆ ಪೂರ್ತಿ ತೆಗೆಯಲು ಸಾಧ್ಯವಾಗುವುದಿಲ್ಲ.

ಪರಿಹಾರ ಮನೆಯಲ್ಲೇ ಇದೆ. ಗಾದಿ, ರಜಾಯಿ, ಕಂಬಳಿ, ದಪ್ಪ ಪರದೆ, ಬಟ್ಟೆ ತುಂಬಿದ ಬೀರು, ಪುಸ್ತಕದ ಕಪಾಟು ಇವೆಲ್ಲ ಶಬ್ದವನ್ನು ಹೀರಿಕೊಳ್ಳುತ್ತವೆ. ಹಾಸಿಗೆಗಳನ್ನು ಮಡಚಿಡುವ ಒಳಕೋಣೆಯೇ ನಮ್ಮ ಮನೆಗಳ ಅತ್ಯುತ್ತಮ ಸ್ಟುಡಿಯೋ. ಭತ್ತವನ್ನೋ ಮೆಕ್ಕೆಜೋಳವನ್ನೋ ಚೀಲದಲ್ಲಿ ಪೇರಿಸಿಟ್ಟ ಕೋಣೆಯೂ ಚೆನ್ನಾಗಿಯೇ ಇರುತ್ತದೆ. ಮಾತನಾಡುವವರ ಬೆನ್ನ ಹಿಂದೆ ಒಂದು ರಜಾಯಿ ತೂಗುಹಾಕಿ, ನೆಲದ ಮೇಲೆ ಜಮಖಾನ ಹಾಸಿ ಕುಳಿತರೆ ಅರ್ಧ ಕೆಲಸ ಮುಗಿಯಿತು. ಫ್ಯಾನ್ ನಿಲ್ಲಿಸಿ. ಫ್ರಿಜ್ ಇರುವ ಗೋಡೆಯ ಮಗ್ಗುಲಲ್ಲಿ ಕೂರಬೇಡಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ದೂರ ಇಡಿ, ಇಲ್ಲದಿದ್ದರೆ ಕರೆ ಬರುವ ಮುನ್ನ ಅದರ ತರಂಗ ಮೈಕಿನ ತಂತಿಗೆ ಸೇರಿ ಟರ್ ಟರ್ ಎನ್ನಬಹುದು. ಮಳೆಗಾಲದಲ್ಲಿ ತಗಡಿನ ಸೂರಿನಡಿ ಮುದ್ರಣ ಬೇಡ. ನಮ್ಮೂರುಗಳಲ್ಲಿ ಟ್ರ್ಯಾಕ್ಟರು, ಹಾಲಿನ ಗಾಡಿ, ಶಾಲೆಯ ಗಂಟೆ ಎಲ್ಲ ಅಡಗುವ ಹೊತ್ತು ಮನೆಯವರಿಗೇ ಗೊತ್ತಿರುತ್ತದೆ. ಆ ಹೊತ್ತನ್ನೇ ಇಟ್ಟುಕೊಳ್ಳಿ.

ಇನ್ನು ಮೈಕ್. ಹಳೆಯ ಡೆಸ್ಕ್‌ಟಾಪ್‌ಗಳ ಹಿಂದೆ ಮೂರು ಬಣ್ಣದ ತೂತುಗಳಿರುತ್ತಿದ್ದವು. ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಸ್ಪೀಕರಿಗೆ, ನೀಲಿ ಟೇಪ್ ರೆಕಾರ್ಡರಿನಂಥ ಯಂತ್ರದಿಂದ ಒಳಗೆ ತೆಗೆದುಕೊಳ್ಳುವುದಕ್ಕೆ. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂದರೆ ಆ ನೀಲಿ ತೂತೇ ಸರಿಯಾದ ಬಾಗಿಲು. ಟೇಪ್ ರೆಕಾರ್ಡರಿನ ತಂತಿಯನ್ನು ಗುಲಾಬಿಗೆ ಸಿಕ್ಕಿಸಿದರೆ ಧ್ವನಿ ಒಡೆದು ಕರ್ಕಶವಾಗುತ್ತದೆ, ಏಕೆಂದರೆ ಮೈಕಿನ ಬಾಗಿಲು ಬಹಳ ಸಣ್ಣ ವಿದ್ಯುತ್ತಿಗಾಗಿ ಮಾಡಿದ್ದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ತೂತು. ಮೊಬೈಲ್ ಇಯರ್‌ಫೋನಿನಂತೆ ಮೈಕೂ ಕೇಳುವುದೂ ಅದರಲ್ಲೇ. ಇಯರ್‌ಫೋನಿನ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಮೈಕ್ ಇದೆ ಎಂದರ್ಥ. ಎರಡೇ ಇದ್ದರೆ ಕೇಳುವುದಕ್ಕೆ ಮಾತ್ರ. ಹಳೆಯ ಕಂಪ್ಯೂಟರ್ ಮೈಕನ್ನು ಈ ತೂತಿಗೆ ನೇರವಾಗಿ ಹಾಕಿದರೆ ಕೆಲಸ ಮಾಡುವುದಿಲ್ಲ. ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತಾಗಿ ಕವಲೊಡೆಯುವ ಒಂದು ಸಣ್ಣ ತಂತಿ ಬೇಕು. 'ಮೈಕ್ ಕೆಟ್ಟಿದೆ' ಎಂದು ಮೂಲೆಗೆ ಎಸೆದ ಎಷ್ಟೋ ಮೈಕುಗಳು ಕೆಟ್ಟಿರುವುದೇ ಇಲ್ಲ.

ಇದಕ್ಕಿಂತ ಸರಳ ಯುಎಸ್‌ಬಿ ಮೈಕ್. ಧ್ವನಿಯನ್ನು ಅಂಕಿಯಾಗಿಸುವ ಭಾಗ ಆ ಮೈಕಿನೊಳಗೇ ಇರುವುದರಿಂದ ಲ್ಯಾಪ್‌ಟಾಪಿನ ಒಳಗಿನ ಸದ್ದುಗದ್ದಲ ಅದಕ್ಕೆ ತಟ್ಟುವುದು ಕಡಿಮೆ. ಒಬ್ಬರ ಮಾತು, ಓದು, ಹಾಡಿಗೆ ಸಾಧಾರಣ ಯುಎಸ್‌ಬಿ ಮೈಕ್ ಸಾಕು. ಇಬ್ಬರು ಮೂವರನ್ನು ಬೇರೆ ಬೇರೆ ಮೈಕಿನಲ್ಲಿ ಮುದ್ರಿಸಬೇಕಾದಾಗ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಬೇಕಾಗುತ್ತದೆ. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟನ್ನೂ ಅದೇ ಒದಗಿಸುತ್ತದೆ. ಅಂಥದ್ದನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಸಂಘಕ್ಕೊಂದಿದ್ದರೆ ಹತ್ತು ಮನೆಗೆ ಆಗುತ್ತದೆ.

ಮೈಕ್ ಯಾವುದೇ ಇರಲಿ, ಬಾಯಿಯಿಂದ ಒಂದು ಗೇಣು ದೂರ ಇರಲಿ. ಎರಡು ಗೇಣಿಗೆ ಸರಿಸಿದರೆ ಧ್ವನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಆದರೆ ಕೋಣೆಯ ಮರುದನಿ ಇದ್ದಷ್ಟೇ ಇರುತ್ತದೆ. ಆದ್ದರಿಂದಲೇ ದೂರದ ಮೈಕಿನಲ್ಲಿ ಮನುಷ್ಯನಿಗಿಂತ ಕೋಣೆಯೇ ಹೆಚ್ಚು ಕೇಳಿಸುವುದು. ಮೈಕನ್ನು ತುಟಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಇಡಿ. 'ಪ', 'ಫ', 'ಭ' ಅಕ್ಷರಗಳಲ್ಲಿ ಬಾಯಿಂದ ಗಾಳಿ ಹೊರಡುತ್ತದೆ. ಅದು ಮೈಕಿಗೆ ಹೊಡೆದರೆ ಡಬ್ ಎನ್ನುತ್ತದೆ. ಒಂದು ತಂತಿಯ ಬಳೆಗೆ ತೆಳ್ಳನೆಯ ವೇಲ್ ಬಟ್ಟೆ ಬಿಗಿದು ನಡುವೆ ಹಿಡಿದರೆ ಆ ಕಾಟವೂ ತಪ್ಪುತ್ತದೆ.

ಕರೆಂಟಿನ ಗುಂಯ್ ಸದ್ದು

ಹಳ್ಳಿಯಲ್ಲಿ ಮುದ್ರಣ ಮಾಡುವವರನ್ನು ಹೆಚ್ಚು ಕಾಡುವುದು ಕೆಳಗಿನಿಂದ ಬರುವ ಗುಂಯ್ ಎಂಬ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿ ಬರುತ್ತದೆ. ಅದರ ನಡುಕವೇ ತಂತಿಯ ಮೂಲಕ ಮೈಕಿನ ದಾರಿಗೆ ಸೇರುವುದು. ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಚಾರ್ಜರಿನ ಮೂರನೆಯ ಪಿನ್ನಿಗೆ ಭೂಮಿಯ ಸಂಪರ್ಕವೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಎನ್ನುವುದು ಇದರ ಗುರುತು.

ಅತಿ ಸುಲಭ ಉಪಾಯವೆಂದರೆ ಮುದ್ರಣದ ಹೊತ್ತಿನಲ್ಲಿ ಚಾರ್ಜರ್ ಕಿತ್ತುಬಿಡುವುದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುವಾಗ ಆ ಸದ್ದು ಹೆಚ್ಚಿನ ಸಂದರ್ಭದಲ್ಲಿ ಮಾಯವಾಗುತ್ತದೆ. ಕರೆಂಟು ಹೋಗಿ ಮುದ್ರಣ ಕೆಡುವ ಭಯವೂ ಇಲ್ಲ. ಡೆಸ್ಕ್‌ಟಾಪ್ ಇದ್ದರೆ ಕಂಪ್ಯೂಟರು, ಸ್ಪೀಕರು ಎರಡನ್ನೂ ಒಂದೇ ಬೋರ್ಡಿನಿಂದ ಕೊಡಿ. ಬೇರೆ ಬೇರೆ ಗೋಡೆಯ ಪ್ಲಗ್ಗಿನಿಂದ ಕೊಟ್ಟರೆ ಎರಡು ಅರ್ಥಿಂಗಿನ ನಡುವೆ ಸುತ್ತು ಏರ್ಪಟ್ಟು ಗುಂಯ್ ಸದ್ದು ಹೆಚ್ಚುತ್ತದೆ. ಅರ್ಥ್ ಪಿನ್ ಮುರಿದು ಸದ್ದು ಕಡಿಮೆ ಮಾಡುವ ಸಾಹಸ ಮಾತ್ರ ಯಾರೂ ಮಾಡಬಾರದು. ಅದು ಪ್ರಾಣಕ್ಕೆ ಅಪಾಯ. ಬಲ್ಲ ಎಲೆಕ್ಟ್ರೀಷಿಯನ್ನನ್ನು ಕರೆಸಿ ಅರ್ಥಿಂಗ್ ಸರಿಪಡಿಸುವುದೇ ದಾರಿ.

ತೂಬು ಎಷ್ಟು ಎತ್ತಬೇಕು?

ಭದ್ರಾ ನಾಲೆಯ ನೀರು ಗದ್ದೆಗೆ ಬಿಡುವವರಿಗೆ ಇದನ್ನು ಬೇಗ ಅರ್ಥಮಾಡಿಸಬಹುದು. ತೂಬನ್ನು ಕಡಿಮೆ ಎತ್ತಿದರೆ ನೀರು ಕೊನೆಯ ಮಡಿಗೆ ತಲುಪುವುದಿಲ್ಲ. ಹೆಚ್ಚು ಎತ್ತಿದರೆ ಬದು ಒಡೆಯುತ್ತದೆ. ಮೈಕಿನ ಮಟ್ಟವೂ ಹಾಗೆಯೇ. ಮುದ್ರಣ ತಂತ್ರಾಂಶದಲ್ಲಿ ಕಾಣುವ ಪಟ್ಟಿಯ ಬಲತುದಿ ಸೊನ್ನೆ ಡೆಸಿಬೆಲ್. ಅದೇ ಬದು. ಅದನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದದ್ದು ಕೂಡುವುದಿಲ್ಲ. ಮಾತಿನ ಅತಿ ಎತ್ತರದ ಕ್ಷಣಗಳು -12ರಿಂದ -6ರ ನಡುವೆ ಇರುವಂತೆ ನೋಡಿಕೊಳ್ಳಿ. ಮೊದಲು ಒಂದು ನಿಮಿಷ ಪರೀಕ್ಷೆಗೆಂದು ಮುದ್ರಿಸಿ. ಮೆಲ್ಲಗೆ ಹೇಳುವ ಮಾತನ್ನಲ್ಲ, ಗಟ್ಟಿಯಾಗಿ ನಗುವ ಅಥವಾ ಏರುದನಿಯಲ್ಲಿ ಹಾಡುವ ಭಾಗವನ್ನೇ ಆ ಪರೀಕ್ಷೆಗೆ ಇಟ್ಟುಕೊಳ್ಳಿ.

ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಮೊದಲು ಬಿಡುಗಡೆಯಾದ ಅಡಾಸಿಟಿ ಎಂಬ ತಂತ್ರಾಂಶ ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಮುದ್ರಿಸಲು, ಬೇಡದ್ದನ್ನು ಕತ್ತರಿಸಲು, ಮಟ್ಟ ಸರಿದೂಗಿಸಲು ಅದು ಧಾರಾಳ ಸಾಕು. ಮುದ್ರಣದ ಆರಂಭದಲ್ಲಿ ಹತ್ತು ಸೆಕೆಂಡು ಯಾರೂ ಮಾತನಾಡದೆ ಸುಮ್ಮನಿರಿ. ಆ ಮೌನದಲ್ಲಿ ಕೇಳುವ ಕೋಣೆಯ ಸದ್ದನ್ನು ಮಾದರಿಯಾಗಿ ಕೊಟ್ಟರೆ ಅಡಾಸಿಟಿ ಅದನ್ನು ಉಳಿದ ಭಾಗದಿಂದ ಕಡಿಮೆ ಮಾಡುತ್ತದೆ. ಈ ಸೌಲಭ್ಯವನ್ನು ಉಪ್ಪಿನಂತೆ ಬಳಸಿ. ಹೆಚ್ಚಾದರೆ ಮನುಷ್ಯನ ಧ್ವನಿ ನೀರಿನೊಳಗಿಂದ ಬಂದಂತಾಗುತ್ತದೆ.

ಒಂದೇ ಯಂತ್ರಕ್ಕೆ ಎರಡು ವ್ಯವಸ್ಥೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ದಿನಬಳಕೆಯ ವ್ಯವಸ್ಥೆಯನ್ನು ಕೆಡಿಸದೆ ಮುದ್ರಣಕ್ಕೆ ಹೊಂದಿಸುವುದು ಹೇಗೆ?

ವಿಂಡೋಸ್‌ನಲ್ಲಿ ಧ್ವನಿಯ ಸೆಟ್ಟಿಂಗ್ಸ್ ತೆರೆದರೆ ಪ್ಲೇಬ್ಯಾಕ್, ರೆಕಾರ್ಡಿಂಗ್ ಎಂಬ ಎರಡು ಪಟ್ಟಿಗಳಿವೆ. ಒಂದು ಬಾಯಿಯದು, ಇನ್ನೊಂದು ಕಿವಿಯದು. ದಿನಬಳಕೆಗೆ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರನ್ನೇ ಡೀಫಾಲ್ಟ್ ಆಗಿ ಬಿಡಿ. ಯುಎಸ್‌ಬಿ ಮೈಕನ್ನು ಅಡಾಸಿಟಿಯ ಒಳಗೆ ಮಾತ್ರ ಆರಿಸಿ. ಹೀಗೆ ಮಾಡಿದರೆ ಸಂದೇಶಗಳ ಟಿಣ್ ಶಬ್ದ ಒಂದು ದಾರಿಯಲ್ಲಿ, ನಿಮ್ಮ ಮುದ್ರಣ ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಆ ಮೈಕಿನ ಎನ್‌ಹ್ಯಾನ್ಸ್‌ಮೆಂಟ್ ಎಂಬುದನ್ನು ತೆಗೆದುಹಾಕಿ. 'ಈ ಸಾಧನವನ್ನು ಆಲಿಸಿ' ಎಂಬ ಅರ್ಥದ ಚೌಕದಲ್ಲಿ ಗುರುತು ಇದ್ದರೆ ಅದನ್ನೂ ತೆಗೆಯಿರಿ. ಅಡಾಸಿಟಿಯಲ್ಲಿಯೂ ವಿಂಡೋಸ್‌ನಲ್ಲಿಯೂ 48,000 ಎಂದು ಒಂದೇ ಅಂಕಿ ಇಡಿ. ಕರೆ ಬಂದಾಗ ಉಳಿದ ಧ್ವನಿ ತಾನೇ ತಗ್ಗುವುದನ್ನು ಕಂಡಿದ್ದೀರಿ. ಕಮ್ಯುನಿಕೇಶನ್ಸ್ ಎಂಬ ಪುಟದಲ್ಲಿ ಶೇಕಡಾ 80ರಷ್ಟು ತಗ್ಗಿಸು ಎಂದು ಇರುವುದೇ ಅದಕ್ಕೆ ಕಾರಣ. 'ಏನೂ ಮಾಡಬೇಡ' ಎಂಬುದನ್ನು ಆರಿಸಿದರೆ ತೊಂದರೆ ಇಲ್ಲ. ಕೆಲವು ಮುದ್ರಣ ತಂತ್ರಾಂಶಗಳು ಧ್ವನಿ ಸಾಧನವನ್ನು ಪೂರ್ತಿ ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. ಆಗ ಹಾಡು ಕೇಳಿಸುವುದಿಲ್ಲ. ಕಂಪ್ಯೂಟರ್ ಕೆಟ್ಟಿತೆಂದು ಗಾಬರಿ ಬೀಳಬೇಡಿ, ಆ ತಂತ್ರಾಂಶ ಮುಚ್ಚಿದರೆ ಹಾಡು ಮರಳುತ್ತದೆ.

ಹಳೆಯ ಕಂಪ್ಯೂಟರಿಗೆ ಜೀವ ಕೊಡಲು ಲಿನಕ್ಸ್ ಹಾಕಿಕೊಂಡವರು ನಮ್ಮಲ್ಲಿದ್ದಾರೆ. ಅಲ್ಲಿ ಈ ಎರಡು ಕೆಲಸಗಳ ಜಗಳ ಬಹಿರಂಗವಾಗಿಯೇ ಇತ್ತು. ದಿನಬಳಕೆಗೆ ಪಲ್ಸ್‌ಆಡಿಯೋ, ಮುದ್ರಣಕ್ಕೆ ಜ್ಯಾಕ್ ಎಂಬ ಎರಡು ಬೇರೆ ವ್ಯವಸ್ಥೆಗಳು. ಒಂದು ಧ್ವನಿ ಕಾರ್ಡನ್ನು ಹಿಡಿದರೆ ಇನ್ನೊಂದಕ್ಕೆ ಸಿಗುತ್ತಿರಲಿಲ್ಲ. ಆಮೇಲೆ ಎರಡರ ಕೆಲಸವನ್ನೂ ಮಾಡುವ ಪೈಪ್‌ವೈರ್ ಬಂತು. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10 ಅದನ್ನು ಒಪ್ಪಿಕೊಂಡವು. ಲಿನಕ್ಸ್ ಹಾಕುವವರು ಹಳೆಯ ಆವೃತ್ತಿ ಬಿಟ್ಟು ಇವುಗಳ ನಂತರದ್ದನ್ನು ಹಾಕಿಕೊಂಡರೆ ಅರ್ಧ ತಲೆನೋವು ಕಡಿಮೆ.

ಇನ್ನೊಂದು ವಿಷಯ ತಡ. ಹಾಡುವಾಗ ನಮ್ಮ ಧ್ವನಿ ಹೆಡ್‌ಫೋನಿನಲ್ಲಿ ಒಂದು ಕ್ಷಣ ತಡವಾಗಿ ಬಂದರೆ ತಾಳ ತಪ್ಪುತ್ತದೆ. ಕಂಪ್ಯೂಟರ್ ಅಂಕಿಗಳನ್ನು ಗುಂಪು ಗುಂಪಾಗಿ ಸಾಗಿಸುವುದೇ ಈ ತಡಕ್ಕೆ ಕಾರಣ. ಆ ಗುಂಪಿಗೆ ಬಫರ್ ಎನ್ನುತ್ತಾರೆ. 48,000ದ ಲೆಕ್ಕದಲ್ಲಿ 1024ರ ಗುಂಪಿಗೆ ಸೆಕೆಂಡಿನ ಸಾವಿರದಲ್ಲಿ 21 ಭಾಗ ತಡ, 256ರ ಗುಂಪಿಗೆ ಐದು ಭಾಗ ಮಾತ್ರ. ಹಾಗೆಂದು ತೀರಾ ಚಿಕ್ಕದು ಮಾಡಿದರೆ ಹಳೆಯ ಯಂತ್ರ ಏದುಸಿರು ಬಿಟ್ಟು ಚಟಪಟ ಸದ್ದು ಮಾಡುತ್ತದೆ. ಬರಿಯ ಮಾತಿನ ಮುದ್ರಣಕ್ಕೂ ದಿನನಿತ್ಯ ಕೇಳುವುದಕ್ಕೂ ದೊಡ್ಡ ಬಫರ್ ಇರಲಿ. ತಾಳಕ್ಕೆ ಸರಿಯಾಗಿ ಹಾಡುವಾಗ ಮಾತ್ರ ಚಿಕ್ಕದು ಮಾಡಿಕೊಳ್ಳಿ.

ಬ್ಲೂಟೂತ್ ಇಯರ್‌ಫೋನ್ ಮುದ್ರಣಕ್ಕೆ ಬೇಡ. ಹಾಡು ಚೆನ್ನಾಗಿ ಕೇಳಿಸುವ ಇಯರ್‌ಫೋನೇ ಅದರ ಮೈಕ್ ಚಾಲೂ ಆದೊಡನೆ ಸಾಮಾನ್ಯವಾಗಿ ಟೆಲಿಫೋನಿನ ಗುಣಮಟ್ಟಕ್ಕೆ ಇಳಿಯುತ್ತದೆ. ಮುದ್ರಣಕ್ಕೆ ತಂತಿಯ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ಸ್ಪೀಕರ್ ಚಾಲೂ ಇಟ್ಟು ಮುದ್ರಿಸಿದರೆ ಅದರ ಧ್ವನಿ ಮೈಕಿಗೆ ಹೋಗಿ, ಮೈಕಿನದು ಸ್ಪೀಕರಿಗೆ ಬಂದು ಕೂಗಾಟ ಏಳುತ್ತದೆ. ಸಭೆಗಳಲ್ಲಿ ಕುಂಯ್ ಎನ್ನುವುದು ಇದೇ.

ದಿನನಿತ್ಯ ಕೇಳುವಾಗ

ಕೇಳುವುದಕ್ಕೆ ದೊಡ್ಡ ಸ್ಪೀಕರಿಗಿಂತ ಸರಿಯಾದ ಜಾಗ ಮುಖ್ಯ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸೇರಿ ಮೂರು ಬದಿಯೂ ಸಮನಾದ ತ್ರಿಕೋನ ಆಗಬೇಕು. ಸ್ಪೀಕರು ಕಿವಿಯ ಎತ್ತರಕ್ಕೆ ಇರಲಿ, ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಬರಿಯ ಗುಂಗು ಹೆಚ್ಚಿ ಮಾತು ಮುಸುಕಾಗುತ್ತದೆ. ನೀವು ಮುದ್ರಿಸಿದ್ದನ್ನು ಪರಿಶೀಲಿಸುವಾಗ ಬೇಸ್ ಬೂಸ್ಟ್ ತೆಗೆದು ಕೇಳಿ. ಕೊನೆಗೆ ಒಂದು ಸಾಧಾರಣ ಮೊಬೈಲಿನಲ್ಲಿಯೂ ಕೇಳಿ, ಏಕೆಂದರೆ ಹೆಚ್ಚಿನವರು ಕೇಳುವುದು ಅದರಲ್ಲೇ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳುವುದು ಮಿತಿ. 90 ಡೆಸಿಬೆಲ್‌ಗೆ ಏರಿಸಿದರೆ ಆ ಮಿತಿ ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ ಇನ್ನೂ ಕಡಿಮೆ: 75 ಡೆಸಿಬೆಲ್. ಬಸ್ಸಿನ ಗದ್ದಲ ಮೀರಿಸಲೆಂದು ಇಯರ್‌ಫೋನ್ ಪೂರ್ತಿ ಏರಿಸುವವರು ಈ ಲೆಕ್ಕ ನೆನಪಿಡಿ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಯಾರ ಧ್ವನಿ, ಯಾರಿಗಾಗಿ?

ಇಷ್ಟೆಲ್ಲ ಶ್ರಮ ಏಕೆ ಎಂದು ನೀವು ಕೇಳಬಹುದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಶಿಕ್ಷಕರು ಕಷ್ಟಪಟ್ಟು ಧ್ವನಿ ಸಂದೇಶದಲ್ಲಿ ಪಾಠ ಕಳಿಸಿದರು. ಫ್ಯಾನಿನ ಸದ್ದು, ಮರುದನಿ, ಒಡೆದ ಧ್ವನಿಯ ನಡುವೆ ಎಷ್ಟೋ ಮಕ್ಕಳಿಗೆ ಅದು ಅರ್ಥವಾಗಲಿಲ್ಲ. ಪಾಠ ತಲುಪಿತು, ಮಾತು ತಲುಪಲಿಲ್ಲ. ಒಂದು ರಜಾಯಿ, ಒಂದು ಗೇಣಿನ ಅಂತರ ಇಷ್ಟರಿಂದ ಎಷ್ಟೋ ಸರಿಹೋಗುತ್ತಿತ್ತು. ಕಣ್ಣು ಕಾಣದ ಸಹಪಾಠಿಗೆ ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಓದಿ ಮುದ್ರಿಸಿ ಕೊಡುವ ವಿದ್ಯಾರ್ಥಿ ಮಾಡುವ ಉಪಕಾರ ಸಣ್ಣದಲ್ಲ. ಆದರೆ ಆ ಓದು ಸ್ಪಷ್ಟವಾಗಿದ್ದರೆ ಮಾತ್ರ ಅದು ಉಪಕಾರ.

ಎರಡನೆಯದು ಇನ್ನೂ ತುರ್ತಿನದು. ನಮ್ಮ ದಾದಿ-ನಾನಿಯರ ಬಾಯಲ್ಲಿ ದಖನಿ ಮಾತಿನ ಹಾಡುಗಳಿವೆ. ಬೀಸುವ ಕಲ್ಲಿನ ಮುಂದೆ ಹಾಡುವ ಚಕ್ಕಿನಾಮಾ ಎಂಬ ಪ್ರಕಾರ ವಿಜಯಪುರದ ಸೂಫಿಗಳ ಕಾಲದಿಂದ ಬಂದದ್ದು. ಪಕ್ಕದ ಮನೆಯ ಅಜ್ಜಿಯ ಬಳಿ ಬೀಸುವ ಪದ, ಸೋಬಾನೆ ಪದಗಳಿವೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ಈ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹಾಡುಗಳಿವೆ. ಬೀಸುವ ಕಲ್ಲು ಹೋಯಿತು, ಹಿಟ್ಟಿನ ಗಿರಣಿ ಬಂತು. ಹಾಡುವ ಸಂದರ್ಭವೇ ಹೋದ ಮೇಲೆ ಹಾಡು ಉಳಿದಿರುವುದು ಎಪ್ಪತ್ತು-ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಇಂಥ ಧ್ವನಿಮುದ್ರಣಗಳ ಸಂಗ್ರಹವಿದೆ. ಆದರೆ ಪ್ರತಿ ಮನೆಗೂ ನಾಗೇಗೌಡರು ಬರಲಾರರು. ನಮ್ಮ ಮನೆಯ ಕೆಲಸ ನಾವೇ ಮಾಡಬೇಕು.

ಇಂದು ಕಂಪ್ಯೂಟರಿಗೆ ಮಾತು ಕಲಿಸುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ 'ವಾಣಿ' ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತನ್ನು ಸಂಗ್ರಹಿಸಲು ಹೊರಟಿತು. ನಮ್ಮ ಸೀಮೆಯ ಮಾತಿನ ಧಾಟಿ ಮುಂದೆ ಯಂತ್ರಗಳಿಗೆ ಅರ್ಥವಾಗಬೇಕಾದರೆ ನಮ್ಮ ಮಾತು ಸ್ಪಷ್ಟವಾಗಿ ದಾಖಲಾಗಿರಬೇಕು.

ಹಿರಿಯರನ್ನು ಮುದ್ರಿಸುವಾಗ ಕೆಲವು ಮರ್ಯಾದೆಗಳಿವೆ. ಮೊದಲು ಅವರ ಒಪ್ಪಿಗೆ ಕೇಳಿ. ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ ಎಂಬುದನ್ನೂ ಅವರಿಂದಲೇ ತಿಳಿಯಿರಿ. ಮನೆಯ ಹೆಣ್ಣುಮಕ್ಕಳ ಹಾಡು ಮನೆಯಲ್ಲೇ ಇರಲಿ ಎಂದರೆ ಹಾಗೆಯೇ ಇರಲಿ. ಮುದ್ರಣದ ಮೊದಲಿಗೆ ಅವರ ಹೆಸರು, ಊರು, ದಿನಾಂಕವನ್ನು ನಿಮ್ಮ ಧ್ವನಿಯಲ್ಲೇ ಹೇಳಿ. ಅವರು ಮಾತನಾಡುವಾಗ ನಡುವೆ 'ಹ್ಞೂಂ, ಹ್ಞೂಂ' ಎನ್ನದೆ ತಲೆಯಾಡಿಸಿ. ಮೂಲ ಪ್ರತಿಯನ್ನು ವೇವ್ ಕಡತವಾಗಿ ಉಳಿಸಿ. ಮೊಬೈಲಿಗೆ ಕಳಿಸಲು ಬೇರೆ ಎಂಪಿ3 ಪ್ರತಿ ಮಾಡಿ. ಎಂಪಿ3 ಜಾಗ ಉಳಿಸಲು ಧ್ವನಿಯ ಕೆಲವು ಭಾಗ ಬಿಟ್ಟುಬಿಡುತ್ತದೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಎರಡು ಕಡೆ ಪ್ರತಿ ಇಡಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಒಂದೇ ಪೆನ್‌ಡ್ರೈವನ್ನು ನಂಬಬೇಡಿ.

ಸಂಘದ ಮುಂದೆ ನನ್ನದೊಂದು ಸಣ್ಣ ಸಲಹೆ. ಒಂದು ಒಳ್ಳೆಯ ಯುಎಸ್‌ಬಿ ಮೈಕ್, ಒಂದು ಮುಚ್ಚಿದ ಹೆಡ್‌ಫೋನ್, ಒಂದು ಹಾರ್ಡ್‌ಡಿಸ್ಕ್ ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಗ್ರಂಥಾಲಯದ ಪುಸ್ತಕದಂತೆ ವಿದ್ಯಾರ್ಥಿಗಳಿಗೆ ಎರವಲು ಕೊಡಬಹುದು. ಪ್ರತಿ ವಿದ್ಯಾರ್ಥಿ ವರ್ಷಕ್ಕೆ ಒಬ್ಬ ಹಿರಿಯರ ಒಂದು ಗಂಟೆಯ ಮಾತು, ಒಂದು ಪಾಠದ ಓದು ಮುದ್ರಿಸಿಕೊಟ್ಟರೂ ಕೆಲವೇ ವರ್ಷದಲ್ಲಿ ಈ ಊರಿಗೆ ತನ್ನದೇ ಆದ ಧ್ವನಿ ಭಂಡಾರವಾಗುತ್ತದೆ. ಗೋಪಾಲಸ್ವಾಮಿಯವರಿಗೆ 30 ವ್ಯಾಟ್ ಸಾಕಾಗಿತ್ತು. ನಮ್ಮಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಲಕರಣೆ ಇದೆ. ಆದರೆ ಹೇಳುವ ಹಿರಿಯರ ಬಳಿ ಕಾಲ ಹೆಚ್ಚಿಲ್ಲ. ಈ ರಜೆಯಲ್ಲಿಯೇ ಆರಂಭಿಸಿ.